ಸಣ್ಣ ಊರಿನ ಕಲಾಕೇಂದ್ರ: ಉದ್ಘಾಟನೆಯ ಮರುದಿನದಿಂದ ಬಾಗಿಲ ಬಳಿ ಯಾರೂ ಇರುವುದಿಲ್ಲ

ಪ್ರಶ್ನೆ | ಬರೆದವರು: ಗಿರಣಿಯಂಗಳ

ಎಲ್ಲರಿಗೂ ನಮಸ್ಕಾರ.

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ, ಬಹುಕಾಲ ಬೀಗ ಬಿದ್ದಿದ್ದ ಅಕ್ಕಿ ಗಿರಣಿಯನ್ನು ದುರಸ್ತಿ ಮಾಡಿಸಿ, ನಾವು ಆರು ಜನ ಸ್ನೇಹಿತರು ಎರಡು ವರ್ಷಗಳಿಂದ ಸಮಕಾಲೀನ ಕಲೆಗೆ ಮೀಸಲಾದ ಚಿಕ್ಕ ಕೇಂದ್ರವನ್ನು ನಡೆಸುತ್ತಿದ್ದೇವೆ. ವರ್ಷಕ್ಕೆ ನಾಲ್ಕು ಪ್ರದರ್ಶನಗಳು, ಒಂದೊಂದೂ ಇಪ್ಪತ್ತು ದಿನ. ನಡುವೆ ಒಂದೆರಡು ಉಪನ್ಯಾಸ, ಬೇಸಿಗೆ ರಜೆಯಲ್ಲಿ ಮಕ್ಕಳಿಗೊಂದು ಶಿಬಿರ. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಕಲಿತ ಯುವ ಕಲಾವಿದರು ತಮ್ಮದೇ ಖರ್ಚಿನಲ್ಲಿ ಕೃತಿಗಳನ್ನು ಹೊತ್ತು ತಂದು, ನಡುರಾತ್ರಿಯವರೆಗೂ ನಿಂತು ಜೋಡಿಸಿ ಹೋಗುತ್ತಾರೆ. ಅವರ ಋಣ ನಮ್ಮ ಮೇಲಿದೆ ಎಂಬ ಕಾರಣಕ್ಕೇ ಈ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ.

ಉದ್ಘಾಟನೆಯ ಸಂಜೆ ಗಿರಣಿ ತುಂಬುತ್ತದೆ. ದೀಪ, ಹಾರ, ಭಾಷಣ, ಉಪ್ಪಿಟ್ಟು ಎಲ್ಲವೂ ಆಗುತ್ತದೆ. ಕಳೆದ ಪ್ರದರ್ಶನದ ಸಂದರ್ಶಕರ ಪುಸ್ತಕವನ್ನು ಮೊನ್ನೆ ತೆರೆದು ನೋಡಿದೆ: ಮೊದಲ ದಿನಕ್ಕೆ ಐದು ಪುಟ ಸಹಿ, ಉಳಿದ ಹತ್ತೊಂಬತ್ತು ದಿನಗಳಿಗೆಲ್ಲ ಸೇರಿ ಒಂದೇ ಪುಟ. ಆ ಒಂದು ಪುಟದಲ್ಲಿಯೂ ಅರ್ಧದಷ್ಟು ನಮ್ಮ ಮನೆಯವರ ಹೆಸರುಗಳೇ ಇವೆ.

ಒಂದು ಘಟನೆ ಮನಸ್ಸಿನಿಂದ ಹೋಗುತ್ತಿಲ್ಲ. ಗುರುವಾರ ನಮ್ಮೂರಿನ ಸಂತೆ. ಸೊಪ್ಪಿನ ಬುಟ್ಟಿ ಖಾಲಿಯಾದ ಮೇಲೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು ನಮ್ಮ ಬಾಗಿಲಿಗೆ ಬಂದು, ಹೊಸ್ತಿಲ ಹೊರಗೇ ನಿಂತು, "ಒಳಗೆ ಬರಬಹುದಾ? ಚಪ್ಪಲಿ ಬಿಡಬೇಕಾ? ಟಿಕೆಟ್ ಎಷ್ಟು?" ಎಂದು ಕೇಳಿದರು. ನಾನು ಮೇಜಿನಿಂದ ಎದ್ದು ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಪ್ರವೇಶ ಉಚಿತ ಎಂಬ ಫಲಕ ನಮ್ಮಲ್ಲಿ ಇತ್ತು. ಅದನ್ನು ಓದಲು ಒಳಗೆ ಬರಬೇಕಾಗಿತ್ತು.

ಇನ್ನೊಂದು ಸಂಗತಿಯನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಕಳೆದ ಜೂನ್ ತಿಂಗಳ ಪ್ರದರ್ಶನದಲ್ಲಿ ಎರವಲು ತಂದಿದ್ದ ಇದ್ದಿಲಿನ ರೇಖಾಚಿತ್ರವೊಂದರ ಕಾಗದದ ಮೇಲೆ, ಹನ್ನೆರಡನೆಯ ದಿನಕ್ಕೆ ಬೂಷ್ಟಿನ ಚುಕ್ಕೆಗಳು ಕಾಣಿಸಿಕೊಂಡವು. ಅಂದಿನಿಂದ ಮಳೆಗಾಲದಲ್ಲಿ ಬಾಗಿಲು ಹಾಕುತ್ತಿದ್ದೇವೆ. ನಮ್ಮ ಕಡೆ ಮಳೆಗಾಲವೆಂದರೆ ವರ್ಷದಲ್ಲಿ ನಾಲ್ಕು ತಿಂಗಳು.

ಪ್ರದರ್ಶನದ ನಡುವಿನ ದಿನಗಳನ್ನು ಊರಿನವರದಾಗಿಸುವುದು ಹೇಗೆ? ನಮ್ಮ ಭಾಗದ ಹೆಂಗಸರು ಮಣ್ಣಿನ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದಂತಹ ಕಲೆಯನ್ನು ಸಮಕಾಲೀನ ಕೃತಿಗಳ ಜೊತೆ ತರುವುದು ಸರಿಯೇ? ಮಳೆಗಾಲದಲ್ಲಿ ಏನು ಮಾಡಬಹುದು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 | ಬರೆದವರು: ಕೆಮ್ಮಣ್ಣು

ನಾನು ನಿವೃತ್ತ ಚಿತ್ರಕಲಾ ಶಿಕ್ಷಕ, ನಿಮ್ಮ ಸೀಮೆಯವನೇ. ನಿಮ್ಮ ಪ್ರಶ್ನೆಯ ಉತ್ತರದ ಒಂದು ಭಾಗ ನಿಮಗೆ ಹತ್ತಿರದಲ್ಲೇ, ಸಾಗರದ ಪಕ್ಕದ ಹೆಗ್ಗೋಡಿನಲ್ಲಿದೆ. ನೀನಾಸಮ್ 1949ರಲ್ಲಿ ಆರಂಭವಾದದ್ದು ಊರಿನವರೇ ಕಟ್ಟಿಕೊಂಡ ಹವ್ಯಾಸಿ ನಾಟಕ ಸಂಘವಾಗಿ. 1973ರಲ್ಲಿ ಅಲ್ಲಿ ಚಿತ್ರಸಮಾಜ ಆರಂಭವಾಗಿ, ಅಡಿಕೆ ತೋಟಗಳ ನಡುವಿನ ಜನ ಜಗತ್ತಿನ ದೊಡ್ಡ ನಿರ್ದೇಶಕರ ಸಿನಿಮಾಗಳನ್ನು ನೋಡಿ ಮಾತನಾಡತೊಡಗಿದಾಗ, ಹಳ್ಳಿಯವರಿಗೆ ಇದು ಅರ್ಥವಾದೀತೇ ಎಂಬ ಅನುಮಾನವನ್ನು ಅಲ್ಲಿನ ಮುಂದಾಳು ಕೆ. ವಿ. ಸುಬ್ಬಣ್ಣನವರು ಒಪ್ಪಲೇ ಇಲ್ಲ. ನೋಡಿದ್ದನ್ನು ಕುರಿತು ಕೂತು ಮಾತನಾಡುವುದಕ್ಕೆ ಅಲ್ಲಿ ನೋಡುವುದಕ್ಕೆ ಇರುವಷ್ಟೇ ಬೆಲೆ ಇದೆ. ಅಕ್ಟೋಬರ್ ತಿಂಗಳ ಸಂಸ್ಕೃತಿ ಶಿಬಿರಕ್ಕೆ ಹೋಗಿಬಂದವರಿಗೆ ಅದು ಗೊತ್ತು. ಹಾಗೆಯೇ 1985ರಿಂದ ತಿರುಗಾಟದ ತಂಡ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ.

ನಿಮ್ಮ ಕೇಂದ್ರದಲ್ಲಿ ಈ ಮಾತಿನ ಸಮಯವೇ ಕಾಣುತ್ತಿಲ್ಲ. ಉದ್ಘಾಟನೆಯ ಭಾಷಣ ಕೃತಿಗಳನ್ನು ನೋಡುವ ಮೊದಲೇ ಮುಗಿದುಹೋಗುತ್ತದೆ, ಕಲಾವಿದರು ಮರುದಿನ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ಇದನ್ನು ತಿರುಗಿಸಿ ನೋಡಿ. ಉದ್ಘಾಟನೆಯನ್ನೇ ಕೈಬಿಟ್ಟು, ಎಂಟನೆಯ ಅಥವಾ ಹತ್ತನೆಯ ದಿನ ಕಲಾವಿದರನ್ನು ಮತ್ತೆ ಕರೆಸಿ, ಅಷ್ಟರೊಳಗೆ ಪ್ರದರ್ಶನವನ್ನು ನೋಡಿರುವ ಹತ್ತು ಜನರ ಜೊತೆ ಅವರನ್ನು ಕೃತಿಗಳ ಎದುರೇ ಕೂರಿಸಿ. ಎರಡನೆಯ ಬಸ್ಸಿನ ಖರ್ಚನ್ನು ಉಪ್ಪಿಟ್ಟಿನ ಲೆಕ್ಕದಿಂದ ತೆಗೆಯಬಹುದು.

ಹಸೆ ಚಿತ್ತಾರದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ, ಒಂದು ಗೆರೆಯ ಪಕ್ಕದಲ್ಲಿ ಇನ್ನೊಂದನ್ನು ಕೂದಲೆಳೆಯಷ್ಟು ಅಂತರದಲ್ಲಿ ಎಳೆಯುವ ಕೈಯನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಕಪ್ಪು ಬೇಕಾದರೆ ಅಕ್ಕಿಯನ್ನು ಸೀದು ಕಪ್ಪಾಗುವವರೆಗೆ ಹುರಿಯುತ್ತಾರೆ, ಹಳದಿಗೆ ಗುರಿಗೆ ಬೀಜ ಇದೆ. ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಗೆ ಮೊದಲು, ಗದ್ದೆಗೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವಾಗ ಗೋಡೆಯ ಲೆಕ್ಕವೇ ಬೇರೆ, ಬುಟ್ಟಿಯ ಉಬ್ಬಿನ ಲೆಕ್ಕವೇ ಬೇರೆ. ಇಂಥವರನ್ನು ಕರೆತಂದು ಬಾಗಿಲ ಬಳಿ ಮಳಿಗೆ ಹಾಕಿಕೊಟ್ಟು, ಒಳಗಿನ ಬಿಳಿ ಗೋಡೆಯನ್ನು ಪದವಿ ಪಡೆದವರಿಗೆ ಮೀಸಲಿಡುವುದು ಅನ್ಯಾಯ. ತರುವುದಾದರೆ ಒಳಗೆ ತನ್ನಿ, ಹೆಸರು ಬರೆಯಿರಿ, "ಜಾನಪದ ಕಲಾವಿದೆ" ಎಂಬ ಸಾಮೂಹಿಕ ಪಟ್ಟಿಯ ಬದಲು ಆ ಚಿತ್ತಾರಗಿತ್ತಿಯ ಸ್ವಂತ ಹೆಸರನ್ನು ಬರೆಯಿರಿ, ಬೆಂಗಳೂರಿನಿಂದ ಬಂದವರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಿ.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡರು ಬೆರಣಿಯ ಸೆಗಣಿಯನ್ನೂ, ಸೂಜಿಗಳಿಗೆ ಪೋಣಿಸಿ ಕುಂಕುಮ ಮತ್ತು ಅಂಟಿನಿಂದ ಹಗ್ಗವಾಗಿಸಿದ ದಾರವನ್ನೂ ಜಗತ್ತಿನ ದೊಡ್ಡ ಸಂಗ್ರಹಾಲಯಗಳವರೆಗೆ ಒಯ್ದಿದ್ದಾರೆ. ಆ ಸೆಗಣಿ, ದಾರ, ಕುಂಕುಮಗಳು ನಿಮ್ಮ ಗುರುವಾರದ ಸಂತೆಗೆ ಬರುವವರ ಕೈಯಲ್ಲಿ ದಿನವೂ ಇರುವಂಥವೇ. ಸಮಕಾಲೀನ ಕಲೆ ಹೊರಗಿನಿಂದ ಬಂದದ್ದು ಎಂದು ನಮ್ಮ ಜನ ಭಾವಿಸಲು ಕಾರಣವಿಲ್ಲ. ನಾವು ತೋರಿಸುವ ರೀತಿಯಿಂದ ಹಾಗೆ ಭಾವಿಸುತ್ತಾರೆ.

ಉತ್ತರ 2 | ಬರೆದವರು: ಒಳಗಡಲು

ನಾನು ಶಿರಸಿಯವಳು, ಕೆಲಸದ ಕಾರಣ ಕೆಲವು ವರ್ಷಗಳಿಂದ ಜಪಾನಿನ ಒಕಾಯಾಮಾದಲ್ಲಿದ್ದೇನೆ. ಇಲ್ಲಿಂದ ಹೋಗಿ ಬರುವಷ್ಟು ಹತ್ತಿರದಲ್ಲಿ, ಸೆಟೊ ಒಳಗಡಲಿನಲ್ಲಿ ನಾಓಶಿಮಾ ಎಂಬ ಪುಟ್ಟ ದ್ವೀಪವಿದೆ. ಸುಮಾರು ಮೂರು ಸಾವಿರ ಜನ. ಒಂದು ತುದಿಯಲ್ಲಿ 1917ರಿಂದ ಇರುವ ತಾಮ್ರ ಕರಗಿಸುವ ಕಾರ್ಖಾನೆ, ಉಳಿದಂತೆ ಮೀನುಗಾರರು ಮತ್ತು ವಯಸ್ಸಾದವರು. 1992ರಲ್ಲಿ ಅಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ ವಿನ್ಯಾಸಗೊಳಿಸಿದ ಮೊದಲ ಕಲಾಸಂಗ್ರಹಾಲಯ ತೆರೆಯಿತು. ದೊಡ್ಡ ಸಂಸ್ಥೆಯ ಹಣ ಅದರ ಹಿಂದೆ ಇದೆ, ಆದ್ದರಿಂದ ಕಟ್ಟಡಗಳ ವಿಷಯದಲ್ಲಿ ನಿಮ್ಮ ಗಿರಣಿಗೆ ಹೋಲಿಕೆ ಇಲ್ಲ. ಆದರೆ ಹೊನ್‌ಮುರಾ ಎಂಬ ಹಳೆಯ ಕೇರಿಯಲ್ಲಿರುವ ಒಂದು ಮನೆಯ ಬಗ್ಗೆ ನಿಮಗೆ ಹೇಳಲೇಬೇಕು.

ಮನೆಯ ಹೆಸರು ಕಡೋಯಾ, ಎಂದರೆ ಮೂಲೆಮನೆ. ಸುಮಾರು ಇನ್ನೂರು ವರ್ಷ ಹಳೆಯದು. ಪಾಳುಬಿದ್ದ ಮನೆಗಳನ್ನು ಕಲಾಕೃತಿಗಳಾಗಿಸುವ ಯೋಜನೆಯ ಮೊದಲ ಮನೆಯಾಗಿ 1998ರಲ್ಲಿ ಅದು ಸಿದ್ಧವಾಯಿತು. ಒಳಗೆ ಹೋದರೆ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ, ಕೋಣೆಯ ನೆಲವಿರಬೇಕಾದ ಜಾಗದಲ್ಲಿ ಆಳವಿಲ್ಲದ ನೀರಿನ ಕೊಳ, ನೀರಿನೊಳಗೆ ಕೆಂಪು, ಹಸಿರು, ಹಳದಿ ಬೆಳಕಿನ ಅಂಕಿಗಳು. ಕಲಾವಿದ ತಾತ್ಸುವೊ ಮಿಯಾಜಿಮಾ ಅಲ್ಲಿ 125 ಅಂಕಿಯಂತ್ರಗಳನ್ನು ಇಟ್ಟಿದ್ದಾರೆ. ಪ್ರತಿಯೊಂದೂ ಒಂದರಿಂದ ಒಂಬತ್ತರವರೆಗೆ ಎಣಿಸುತ್ತದೆ, ಸೊನ್ನೆ ಮಾತ್ರ ಎಂದೂ ಬರುವುದಿಲ್ಲ. ಕೆಲವು ಅಂಕಿಗಳು ಓಡುತ್ತವೆ, ಕೆಲವು ಕೆಟ್ಟು ನಿಂತಿವೆಯೇನೋ ಎನ್ನುವಷ್ಟು ನಿಧಾನವಾಗಿ ಬದಲಾಗುತ್ತವೆ. ಆ ವೇಗಗಳನ್ನು ನಿಶ್ಚಯಿಸಿದವರು ಕಲಾವಿದರಲ್ಲ. ಐದು ವರ್ಷದ ಮಗುವಿನಿಂದ ತೊಂಬತ್ತೈದರ ಅಜ್ಜ-ಅಜ್ಜಿಯರವರೆಗೆ ದ್ವೀಪದ 125 ಜನ ಸಭೆ ಸೇರಿ, ತಲಾ ಒಂದು ಅಂಕಿಯ ವೇಗವನ್ನು ತಾವೇ ಗೊತ್ತುಮಾಡಿದರು.

ನಾನು ಮೊದಲ ಸಲ ಹೋದ ದಿನ ಆ ನೀರಿನ ಅಂಚಿನಲ್ಲಿ ಬಹಳ ಹೊತ್ತು ಕೂತಿದ್ದೆ. ಒಂದು ಹಸಿರು ಅಂಕಿ ಮೂರರಲ್ಲಿಯೇ ನಿಂತಿತ್ತು; ಅದು ನಾಲ್ಕಾಗುವುದನ್ನು ಕಾಯುತ್ತಾ, ಇಷ್ಟು ನಿಧಾನವನ್ನು ಆರಿಸಿಕೊಂಡವರು ಯಾರಿರಬಹುದು, ಅವರ ಮನೆಯವರು ಇಲ್ಲಿಗೆ ಬಂದಾಗ ಆ ಅಂಕಿಯನ್ನೇ ಹುಡುಕುತ್ತಾರಲ್ಲವೇ ಎಂದು ಯೋಚಿಸುತ್ತಿದ್ದೆ. ತನ್ನದೊಂದು ಅಂಕಿ ಒಳಗೆ ಉರಿಯುತ್ತಿದೆ ಎಂದಾದರೆ ಆ ಮನೆಗೆ ಹೋಗಲು ಯಾರಿಗೂ ಆಮಂತ್ರಣ ಪತ್ರಿಕೆ ಬೇಕಾಗುವುದಿಲ್ಲ.

ನಿಮ್ಮಲ್ಲಿ ಕೃತಿಗಳು ಸಿದ್ಧವಾಗಿ ಬರುತ್ತವೆ, ಊರಿಗೆ ನೋಡುವ ಕೆಲಸ ಮಾತ್ರ ಉಳಿಯುತ್ತದೆ. ವರ್ಷದ ನಾಲ್ಕರಲ್ಲಿ ಒಂದನ್ನಾದರೂ, ಕಲಾವಿದರು ಮೂರು ವಾರ ಮೊದಲೇ ಬಂದು ಉಳಿದು, ಊರಿನವರ ಕೈ ಸೇರದೆ ಮುಗಿಯಲಾರದಂತಹ ಕೃತಿಯನ್ನು ಮಾಡುವುದಕ್ಕೆ ಬಿಟ್ಟುಕೊಡಿ. ಗಿರಣಿಯ ಕಾಲದ ಲೆಕ್ಕದ ಪುಸ್ತಕಗಳು, ಹಳೆಯ ತೂಕದ ಕಲ್ಲುಗಳು, ಅಲ್ಲಿ ಭತ್ತ ಕುಟ್ಟಿಸಿದವರ ನೆನಪುಗಳು ಇನ್ನೂ ಇರಬಹುದು. ಅದಕ್ಕಾಗಿ ಒಂದು ಪ್ರದರ್ಶನವನ್ನು ಕಡಿಮೆ ಮಾಡಬೇಕಾದರೂ ಚಿಂತೆಯಿಲ್ಲ.

ಉತ್ತರ 3 | ಬರೆದವರು: ಚೌಕಟ್ಟು

ನಾನು ಮೈಸೂರಿನಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಮತ್ತು ಪ್ರದರ್ಶನಗಳನ್ನು ಜೋಡಿಸುವ ಕೆಲಸ ಮಾಡುತ್ತೇನೆ. ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸುವುದು ಬೂಷ್ಟಿನ ವಿಷಯವನ್ನು ಮಾತ್ರ.

ಗಾಳಿಯ ತೇವ ಶೇಕಡಾ 65ನ್ನು ದಾಟಿ ಕೆಲವು ದಿನ ಹಾಗೆಯೇ ನಿಂತರೆ ಕಾಗದದ ಮೇಲೆ ಬೂಷ್ಟು ಬೆಳೆಯುತ್ತದೆ. ಮಲೆನಾಡಿನ ಜೂನ್‌ನಲ್ಲಿ ಅದು ದಾಟದ ದಿನವೇ ಅಪರೂಪ. ಮೊದಲು ಒಂದು ತೇವಮಾಪಕವನ್ನು ಕೊಂಡು ಗೋಡೆಯ ಹತ್ತಿರ ಇಡಿ. ಕೋಣೆಯ ನಡುವಿನ ಅಳತೆ ಮೋಸ ಮಾಡುತ್ತದೆ. ಜಂಬಿಟ್ಟಿಗೆಯ ಗೋಡೆ ಮಳೆನೀರನ್ನು ಹೀರಿಕೊಂಡು ಒಳಬದಿಗೆ ಬಿಡುತ್ತಿರುತ್ತದೆ, ಅದಕ್ಕೆ ಒರಗಿಸಿದ ಚಿತ್ರದ ಬೆನ್ನು ಸದಾ ಒದ್ದೆ. ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಪ್ಲೈವುಡ್ಡಿನ ಇನ್ನೊಂದು ಗೋಡೆಯನ್ನು ನಿಲ್ಲಿಸಿ, ಮೇಲೂ ಕೆಳಗೂ ಗಾಳಿಗೆ ಸಂದು ಬಿಡಿ. ಪ್ರತಿ ಕಟ್ಟಿನ ಹಿಂಬದಿಯ ನಾಲ್ಕು ಮೂಲೆಗಳಿಗೂ ಬಿರಡೆಯ ತುಂಡು ಅಂಟಿಸಿ. ಚಿತ್ರ ಗಾಜಿಗೆ ತಾಗಬಾರದು, ನಡುವೆ ಆಮ್ಲರಹಿತ ರಟ್ಟಿನ ಅಂಚು ಇರಬೇಕು. ಹಗಲು ಹವಾನಿಯಂತ್ರಣ ಹಾಕಿ ರಾತ್ರಿ ಆರಿಸುವುದಾದರೆ ಅದು ಬೇಡವೇ ಬೇಡ, ತಣ್ಣಗಾದ ಗಾಜಿನ ಮೇಲೆ ನೀರು ಕೂರುತ್ತದೆ.

ಬೂಷ್ಟು ಕಂಡಾಗ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಆ ಚಿತ್ರವನ್ನು ಉಳಿದವುಗಳಿಂದ ದೂರ ಮಾಡಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಒಣಗಿಸಿ, ಇದ್ದಿಲಿನ ಕೆಲಸವಾದರೆ ಕುಂಚವನ್ನೂ ತಾಗಿಸದೆ ಸಂರಕ್ಷಣೆ ಬಲ್ಲವರ ಕೈಗೆ ಕೊಡಿ.

ಛಾವಣಿಯಲ್ಲಿ ಗಾಜಿನ ಹೆಂಚುಗಳಿದ್ದರೆ ಅವನ್ನೂ ಗಮನಿಸಿ. ಅವುಗಳಿಂದ ಬೀಳುವ ಬಿಸಿಲಿನ ಚೌಕ ದಿನವಿಡೀ ಗೋಡೆಯ ಮೇಲೆ ಸರಿದಾಡುತ್ತದೆ. ಕಾಗದದ ಕೃತಿಗಳಿಗೆ ಬೆಳಕು 50 ಲಕ್ಸ್ ಮೀರಬಾರದು ಎಂಬುದು ಸಂಗ್ರಹಾಲಯಗಳು ಪಾಲಿಸುವ ಅಳತೆ, ನೇರ ಬಿಸಿಲು ಅದರ ನೂರಾರು ಪಟ್ಟು.

ಆದರೆ ಮಳೆಗಾಲದಲ್ಲಿ ಬಾಗಿಲು ಮುಚ್ಚಬೇಡಿ, ಕಾಗದವನ್ನು ಮಾತ್ರ ಒಳಗಿಡಿ. ಸುಟ್ಟ ಮಣ್ಣು, ಕಲ್ಲು, ಧ್ವನಿ ಇವುಗಳಿಗೆ ಮಳೆಯ ಭಯವಿಲ್ಲ. ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದನ್ನು ಕೃತಿಯ ಒಂದು ಭಾಗವಾಗಿಸಬಲ್ಲ ಕಲಾವಿದರು ನಮ್ಮಲ್ಲಿ ಇದ್ದಾರೆ, ಅವರಿಗೆ ನಗರದ ಗ್ಯಾಲರಿಗಳಲ್ಲಿ ಅಂಥ ಛಾವಣಿ ಸಿಗುವುದಿಲ್ಲ.

ಗಿರಣಿಯಂಗಳ (ಪ್ರಶ್ನೆ ಕೇಳಿದವರು)

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಆರೂ ಜನ ಕೂತು ಇವೆಲ್ಲವನ್ನೂ ಗಟ್ಟಿಯಾಗಿ ಓದಿದೆವು. ಭೂಮಿ ಹುಣ್ಣಿಮೆಯ ಹೊತ್ತಿಗೆ ಒಂದೇ ಪ್ರದರ್ಶನ ಮಾಡುವುದು, ಅದರ ಒಳಗೋಡೆಯನ್ನು ಇಬ್ಬರು ಚಿತ್ತಾರಗಿತ್ತಿಯರಿಗೆ ಮತ್ತು ಒಬ್ಬ ಯುವ ಕಲಾವಿದರಿಗೆ ಸಮನಾಗಿ ಬಿಟ್ಟುಕೊಡುವುದು, ಮೂವರೂ ಜನರೆದುರೇ ಕೆಲಸ ಮಾಡುವುದು ಎಂದು ತೀರ್ಮಾನಿಸಿದ್ದೇವೆ. ಗುರುವಾರಗಳಂದು ಕಡೆಯ ಬಸ್ಸು ಹೊರಡುವ ಏಳೂವರೆಯವರೆಗೂ ತೆರೆದಿರುತ್ತೇವೆ. ಬಾಗಿಲ ಹೊರಗೆ ಒಂದು ಬೆಂಚು ಹಾಕಿಸಿ, ಹಣ ಬೇಡ, ಚಪ್ಪಲಿ ಬಿಡಬೇಕಿಲ್ಲ, ಬುಟ್ಟಿಯನ್ನು ಒಳಗೇ ತನ್ನಿ ಎಂದು ದೊಡ್ಡ ಅಕ್ಷರದಲ್ಲಿ ಬರೆಸುತ್ತಿದ್ದೇವೆ.

ಕೆಮ್ಮಣ್ಣು ಸರ್, ಒಂದು ಅನುಮಾನ. ಪ್ಲೈವುಡ್ಡಿನ ಮೇಲೆ ಕೆಮ್ಮಣ್ಣು ನಿಲ್ಲುತ್ತದೆಯೇ, ಅಥವಾ ಚಿತ್ತಾರಕ್ಕೆ ಗಿರಣಿಯ ಮೂಲ ಗೋಡೆಯನ್ನೇ ಬಿಡಬೇಕೇ?

ಕೆಮ್ಮಣ್ಣು

ಮೂಲ ಗೋಡೆಯನ್ನೇ ಬಿಡಿ. ಆದರೆ ಅದನ್ನು ನೀವಾಗಿ ಬಳಿದು ಸಿದ್ಧಮಾಡಲು ಹೋಗಬೇಡಿ. ಯಾವ ಗೋಡೆ, ಎಷ್ಟು ಸಲ ಬಳಿಯಬೇಕು, ಎಷ್ಟು ದಿನ ಒಣಗಬೇಕು ಎಂಬುದನ್ನು ಆ ಇಬ್ಬರು ಬಂದು ಕೈಯಿಂದ ಮುಟ್ಟಿ ನೋಡಿ ಹೇಳುತ್ತಾರೆ. ಹುಣ್ಣಿಮೆಗೆ ಒಂದು ತಿಂಗಳು ಮೊದಲೇ ಅವರನ್ನು ಒಮ್ಮೆ ಕರೆತನ್ನಿ, ಆ ದಿನದ ಕೂಲಿಯನ್ನೂ ಲೆಕ್ಕದಲ್ಲಿ ಸೇರಿಸಿ. ಮಣ್ಣು ಎಲ್ಲಿಂದ ತರಬೇಕೆಂದೂ ಅವರನ್ನೇ ಕೇಳಿ.