ಲಂಡನ್ ಬಸ್ಸಿನಲ್ಲಿ ಓಡಾಡಲು ತಂದೆ-ತಾಯಿಗೆ ಆಯಿಸ್ಟರ್ ಕಾರ್ಡ್ ಬೇಕೇ, ಬ್ಯಾಂಕ್ ಕಾರ್ಡ್ ಸಾಕೇ?

ಪ್ರಶ್ನೆ (ಹ್ಯಾರೋ ಕನ್ನಡಿಗ):
ಬೆಂಗಳೂರಿನಿಂದ ನನ್ನ ತಂದೆ-ತಾಯಿ ಮುಂದಿನ ತಿಂಗಳು ಬಂದು ಆರು ವಾರ ನಮ್ಮೊಂದಿಗೆ ಇರಲಿದ್ದಾರೆ. ಇಬ್ಬರಿಗೂ ಅರವತ್ತೈದು ದಾಟಿದೆ. ನಾನು ಕಚೇರಿಗೆ ಹೋದ ಮೇಲೆ ಅವರಿಬ್ಬರೇ ಬಸ್ಸಿನಲ್ಲಿ ಓಡಾಡಬೇಕಾಗುತ್ತದೆ. 2023ರಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುವುದು ಅಮ್ಮನಿಗೆ ರೂಢಿಯಾಗಿದೆ. ಕಂಡಕ್ಟರೇ ಇಲ್ಲದ ಬಸ್ಸು ಎಂದರೆ ಅವರಿಗೆ ಅಳುಕು. ಆಯಿಸ್ಟರ್ (ಮೊದಲೇ ಹಣ ತುಂಬಿಸಿ ಬಳಸುವ ಲಂಡನ್ನಿನ ಪ್ರಯಾಣ ಕಾರ್ಡ್) ಕೊಳ್ಳಬೇಕೇ, ಅಪ್ಪನ ಬ್ಯಾಂಕ್ ಕಾರ್ಡೊಂದನ್ನೇ ಇಬ್ಬರಿಗೂ ಬಳಸಬಹುದೇ, ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಥೇಮ್ಸ್ ದಂಡೆಯವರು):
ರಿಯಾಯಿತಿಯ ಆಸೆ ಬಿಡಿ. ಹಿರಿಯರ ಉಚಿತ ಪಾಸುಗಳು ಇಲ್ಲಿಯ ನಿವಾಸಿಗಳಿಗೆ ಮಾತ್ರ. 2014ರ ಜುಲೈನಿಂದ ಲಂಡನ್ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಕಿಸೆಯಲ್ಲಿ ಚಿಲ್ಲರೆ ಎಷ್ಟಿದ್ದರೂ ಪ್ರಯೋಜನವಿಲ್ಲ. ಒಂದೇ ಕಾರ್ಡಿನಲ್ಲಿ ಇಬ್ಬರು ಪ್ರಯಾಣಿಸುವಂತಿಲ್ಲ, ಪ್ರತಿಯೊಬ್ಬರಿಗೂ ಅವರದೇ ಕಾರ್ಡ್ ಇರಬೇಕು. ದರ ಮಾತ್ರ ಸರಳ: 2023ರ ಮಾರ್ಚ್‌ನಲ್ಲಿ ನಿಗದಿಯಾದಂತೆ, ಎರಡು ನಿಲ್ದಾಣ ಹೋದರೂ ಇಪ್ಪತ್ತು ನಿಲ್ದಾಣ ಹೋದರೂ 1.75 ಪೌಂಡ್. ಮೊದಲ ಬಾರಿ ಬಸ್ಸಿನ ಯಂತ್ರಕ್ಕೆ ಕಾರ್ಡ್ ಮುಟ್ಟಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಮತ್ತೆ ಹಣ ಕಡಿತವಾಗುವುದಿಲ್ಲ. ಬಸ್ಸಿನಲ್ಲಷ್ಟೇ ಓಡಾಡಿದರೆ ದಿನದ ಗರಿಷ್ಠ ಕಡಿತ 5.25 ಪೌಂಡ್, ಅಂದರೆ ಮೂರು ಪ್ರಯಾಣದ ದುಡ್ಡು. ನಾಲ್ಕನೆಯದರಿಂದ ಆ ದಿನಕ್ಕೆ ಉಚಿತ.

ಉತ್ತರ (ಹಳೆಯ ಪ್ರಯಾಣಿಕ):
ಭಾರತದ ಬ್ಯಾಂಕ್ ಕಾರ್ಡನ್ನೇ ನೆಚ್ಚಿಕೊಳ್ಳುವುದಾದರೆ ಅಲ್ಲಿಂದ ಹೊರಡುವ ಮುನ್ನವೇ ಒಂದು ಕೆಲಸ ಮುಗಿಸಿರಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮತ್ತು ಮುಟ್ಟಿಸಿ ಪಾವತಿಸುವ ಸೌಲಭ್ಯ ಎರಡೂ ಮುಚ್ಚಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಗ್ರಾಹಕರೇ ಅವನ್ನು ತೆರೆಯಬೇಕು. ಕಾರ್ಡಿನ ಮೇಲೆ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ಅಮೆರಿಕನ್ ಎಕ್ಸ್‌ಪ್ರೆಸ್ ಗುರುತು ಇದೆಯೇ ನೋಡಿಕೊಳ್ಳಿ. ನಮ್ಮ ಮೆಟ್ರೊ ಕಾರ್ಡ್ ಇಲ್ಲಿ ನಡೆಯುವುದಿಲ್ಲ. ಇದರ ಮೇಲೆ ಬ್ಯಾಂಕು ವಿದೇಶಿ ವಿನಿಮಯದ ಶುಲ್ಕವನ್ನೂ ಹಾಕಬಹುದು. ಆಯಿಸ್ಟರ್ ಕಾರ್ಡಿನ ಬೆಲೆ ಹಿಂದಿರುಗಿ ಬರುವುದಿಲ್ಲ ನಿಜ, ನಾಲ್ಕು ದಿನಕ್ಕೆ ಬರುವವರಿಗೆ ಅದನ್ನು ಕೊಳ್ಳಿ ಎಂದು ನಾನು ಹೇಳುತ್ತಿರಲಿಲ್ಲ. ಆದರೆ ಆರು ವಾರವೆಂದರೆ ಬೇರೆ ಲೆಕ್ಕ. ಮೇಲಾಗಿ ಅದರಲ್ಲಿ ಉಳಿದ ಹಣಕ್ಕೆ ಅವಧಿ ಇಲ್ಲ, ಅವರು ಮತ್ತೊಮ್ಮೆ ಬಂದಾಗಲೂ ಬಳಸಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಒಂದೊಂದು ಆಯಿಸ್ಟರ್ ಕೊಡಿಸುತ್ತೇನೆ, ಧನ್ಯವಾದಗಳು. ಇಳಿಯುವಾಗಲೂ ಮುಟ್ಟಿಸಬೇಕೇ? ಅಪ್ಪನಿಗೆ ಬಂದ ವಾರವೇ ಬಸವಣ್ಣನವರ ಪ್ರತಿಮೆ ನೋಡಬೇಕಂತೆ.

ಉತ್ತರ (ಥೇಮ್ಸ್ ದಂಡೆಯವರು):
ಬಸ್ಸಿನಲ್ಲಿ ಹತ್ತುವಾಗ ಮಾತ್ರ, ಚಾಲಕರ ಬಳಿಯ ಹಳದಿ ಯಂತ್ರಕ್ಕೆ ಒಮ್ಮೆ ಮುಟ್ಟಿಸಿದರೆ ಸಾಕು. ಸುರಂಗ ರೈಲಿನಲ್ಲಿ ಮಾತ್ರ ಹೊರಬರುವಾಗಲೂ ಮುಟ್ಟಿಸಬೇಕು. ಇದನ್ನು ಅಪ್ಪನವರಿಗೆ ಎರಡು ಸಲ ಹೇಳಿ, ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ. ಆಯಿಸ್ಟರನ್ನು ಬ್ಯಾಂಕ್ ಕಾರ್ಡಿರುವ ಪರ್ಸಿನೊಳಗಿಟ್ಟು ಪರ್ಸನ್ನೇ ಒತ್ತುವುದೂ ಬೇಡ, ಯಂತ್ರವು ಬೇರೆ ಕಾರ್ಡಿನಿಂದ ಹಣ ತೆಗೆದುಕೊಳ್ಳಬಹುದು. ನಾನೇ ಒಮ್ಮೆ ಹೋಗುವಾಗ ಫೋನು, ಬರುವಾಗ ಕಾರ್ಡು ಮುಟ್ಟಿಸಿದ್ದರಿಂದ ಎರಡನ್ನೂ ಬೇರೆ ಬೇರೆ ಪ್ರಯಾಣಿಕರೆಂದು ಲೆಕ್ಕ ಹಾಕಿ ಎರಡು ದರ ಕಡಿತವಾಗಿತ್ತು.

2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್ ಸೇತುವೆಯ ಸಮೀಪದಲ್ಲಿದೆ. ವಾಟರ್ಲೂ ಕಡೆಯಿಂದ ಬಸ್ಸಿನಲ್ಲಿ ಬಂದು, ನಮಸ್ಕರಿಸಿ, ಒಂದೆರಡು ಚಿತ್ರ ತೆಗೆದುಕೊಂಡು, ಮೊದಲು ಕಾರ್ಡ್ ಮುಟ್ಟಿಸಿದ ಒಂದು ಗಂಟೆಯೊಳಗೆ ಮರಳಿ ಬಸ್ಸು ಹತ್ತಿದರೆ ಹಿಂದಿರುಗುವ ಪ್ರಯಾಣವೂ ಅದೇ 1.75 ಪೌಂಡಿನಲ್ಲಿ ಮುಗಿಯುತ್ತದೆ.