ಸಿರುಗುಪ್ಪ ರೋಡಲ್ಲಿ 650 ಎತ್ತಿದ್ದಕ್ಕೆ ಇಷ್ಟು ಬೈಗುಳ ಯಾಕೆ?

ಮೋಕಾ ರೋಡ್ ರೈಡರ್
ಭಾನುವಾರ ಬೆಳಿಗ್ಗೆ 6 ಗಂಟೆಗೆ ನನ್ನ ಇಂಟರ್‌ಸೆಪ್ಟರ್ 650 ಬೈಕ್ ಎತ್ತಿದ, ಅಂದರೆ ಮುಂದಿನ ಗಾಲಿ ಗಾಳಿಯಲ್ಲಿಟ್ಟು ವೀಲಿಂಗ್ ಮಾಡಿದ ವಿಡಿಯೋ ಇಲ್ಲಿ ಹಾಕಿದ್ದೆ. ಬರೀ 11 ಸೆಕೆಂಡಿನದು. ಸೋಮವಾರ ಸಂಜೆಯೊಳಗೆ ಎಲ್ಲರೂ ಸೇರಿ ಬೈದಿದ್ದಾರೆ. ಅದು ಹೇಗಿರುತ್ತದೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.
200 ಕೆಜಿ ದಾಟಿದ ಗಾಡಿ ಅದು. ಕ್ಲಚ್ ಬಿಟ್ಟ ಕೂಡಲೇ ಮೊದಲು ಹ್ಯಾಂಡಲ್ ಹಗುರ ಆಗುತ್ತದೆ, ಕೈಯಲ್ಲಿ ಏನೂ ಇಲ್ಲವೇನೋ ಅನ್ನೋ ಹಾಗೆ. ಆಮೇಲೆ ಹೆಡ್‌ಲೈಟ್ ಮೇಲೆದ್ದು ರಸ್ತೆಯನ್ನೇ ಮುಚ್ಚಿಬಿಡುತ್ತದೆ. ಕಾಣೋದು ಆಕಾಶ, ಮತ್ತೆ ಸ್ಪೀಡೋಮೀಟರಿನ ಕಡೆಯ ಎರಡು ಗಾಜು. ಇನ್ನೊಂಚೂರು ಮೇಲೆ ಹೋದರೆ ಬ್ಯಾಲೆನ್ಸ್ ಪಾಯಿಂಟ್. ಅಲ್ಲಿ ಎಂಜಿನ್‌ಗೆ ಕೆಲಸವೇ ಇಲ್ಲ. ಗಾಡಿ ತಾನಾಗಿ ನಿಂತಿರುತ್ತದೆ. ಹೊಟ್ಟೆಯೊಳಗೆ ತೊಟ್ಟಿಲು ತೂಗಿದ ಹಾಗೆ.
ಹೆಲ್ಮೆಟ್, ಜಾಕೆಟ್, ಗ್ಲೌಸ್ ಎಲ್ಲಾ ಇತ್ತು. ರಸ್ತೆ ಖಾಲಿ ಇತ್ತು. ಬಲಗಾಲು ಹಿಂದಿನ ಬ್ರೇಕ್ ಮೇಲೇ ಇತ್ತು. ಯಾವ ಗಾಡಿಯಲ್ಲಾದರೂ ಅದೇ ಮೊದಲ ಪಾಠ. ತಪ್ಪೇನಿದೆ ಹೇಳಿ.

ಸೋನಾಮಸೂರಿ
"ರಸ್ತೆ ಖಾಲಿ ಇತ್ತು" ಅಂತೀಯಲ್ಲಾ ತಮ್ಮಾ, ಹೆಡ್‌ಲೈಟ್ ರಸ್ತೆ ಮುಚ್ಚಿತ್ತು ಅಂತ ನೀನೇ ಬರೆದಿದ್ದೀ. ಖಾಲಿ ಇದ್ದದ್ದು ನಿನಗೆ ಹೇಗೆ ಕಂಡಿತು? ಸುಗ್ಗಿ ಬಂದರೆ ನಮ್ಮ ಕಡೆ ಅರ್ಧ ರಸ್ತೆಗೆ ಭತ್ತ ಒಣ ಹಾಕಿರುತ್ತಾರೆ. ಅಂಚಿಗೆ ಸಾಲಾಗಿ ಕಲ್ಲು ಬೇರೆ. ಬರಿಗಾಲಲ್ಲಿ ನಡೆದರೇ ಜಾರುತ್ತದೆ. ನಿನ್ನ ಮುಂದಿನ ಗಾಲಿ ಅದರ ಮೇಲೆ ಇಳಿದರೆ?

ಮೋಕಾ ರೋಡ್ ರೈಡರ್
ಅಕ್ಕಾ, ರಸ್ತೆ ಇರೋದು ಭತ್ತ ಒಣಗಿಸೋಕಾ? ಅದನ್ನ ಮೊದಲು ಕೇಳಿ.

ಸೋನಾಮಸೂರಿ
ಕಣ ಇಲ್ಲದವರು ಎಲ್ಲಿ ಹಾಕಬೇಕು? ನಿಮ್ಮ ಮಾಳಿಗೆ ಮೇಲೆ ಹಾಕಲಾ?

ಎರಕದ ಬುಲೆಟ್
"ಬಲಗಾಲು ಬ್ರೇಕ್ ಮೇಲೆ, ಯಾವ ಗಾಡಿಯಲ್ಲಾದರೂ." ತಮ್ಮಾ, ಹಳೇ ಬುಲೆಟ್ ಕಣ್ಣಲ್ಲಿ ನೋಡಿದ್ದೀಯಾ? ಗೇರ್ ಬಲಕ್ಕೆ, ಬ್ರೇಕ್ ಎಡಕ್ಕೆ. 26 ವರ್ಷದಿಂದ ಓಡಿಸ್ತಿದ್ದೇನೆ. ಗೊತ್ತಿಲ್ಲದವರು ಪಾಠ ಹೇಳಬಾರದು.

ಕೆಎ 37
ಕಾಕಾ, ಬುಲೆಟ್ ಎತ್ತೋರು ಯಾರು? ಅದು ಏಳೋಷ್ಟರಲ್ಲಿ ಗಂಗಾವತಿ ಬಂದಿರುತ್ತದೆ. ಜಪಾನಿನ ಯಾಸುಯುಕಿ ಕುಡೋ 1991ರಲ್ಲಿ ಹಿಂದಿನ ಗಾಲಿ ಮೇಲೇ 331 ಕಿಲೋಮೀಟರ್ ಓಡಿಸಿದ. ಬಳ್ಳಾರಿಯಿಂದ ಬೆಂಗಳೂರು ಹೆಚ್ಚುಕಡಿಮೆ ಅಷ್ಟೇ ದೂರ. ಗಿನ್ನೆಸ್‌ನವರು ಅದನ್ನ ದಾಖಲೆ ಅಂತ ಬರೆದುಕೊಂಡರು. ನೀವು 11 ಸೆಕೆಂಡಿಗೆ ಬಾಯಿ ಬಡಿದುಕೊಳ್ತಿದ್ದೀರಿ.

ಕರಿಕೋಟು
ಕುಡೋ ಓಡಿಸಿದ್ದು ಹೋಂಡಾ ಟಿಎಲ್‌ಎಂ220ಆರ್. ಕಲ್ಲುಬಂಡೆ ಹತ್ತಿಸೋ ಸ್ಪರ್ಧೆಗೆ ಮಾಡಿದ ಹಗುರವಾದ ಟ್ರಯಲ್ಸ್ ಗಾಡಿ ಅದು, 650 ಅಲ್ಲ. ಓಡಿಸಿದ್ದು ತ್ಸುಕುಬಾದ ಟೆಸ್ಟ್ ಟ್ರ್ಯಾಕಿನಲ್ಲಿ. ಎದುರಿಗೆ ಅದಿರು ಲಾರಿ ಬರುತ್ತಿರಲಿಲ್ಲ. ಇಲ್ಲಿ ಅಪಾಯಕಾರಿಯಾಗಿ ಗಾಡಿ ಓಡಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184 ಇದೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು, ಅಥವಾ 1,000 ರೂಪಾಯಿಂದ 5,000ದವರೆಗೆ ದಂಡ, ಇಲ್ಲಾ ಎರಡೂ. ಗಂಗಾವತಿಯ ವೀಲಿಂಗ್ ಕೇಸಲ್ಲಿ 2025ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಜಾಮೀನು ಕೊಡಲಿಲ್ಲ. ಈಗಿರುವ ಕಾನೂನು ಸಾಲದು, ಬಿಗಿ ಮಾಡಿ ಅಂತ ಸರ್ಕಾರಕ್ಕೂ ಹೇಳಿತು.

ಕೆಎ 37
"ಗಂಗಾವತಿಯ ಕೇಸು." ನಮ್ಮ ಜಿಲ್ಲೆ ಕೇಸನ್ನ ನನಗೇ ಹೇಳ್ತೀರಾ? ಅದರಲ್ಲಿ ಪೊಲೀಸರ ಮೇಲೆ ಕೈ ಮಾಡಿ, ಅವರ ಮೊಬೈಲ್ ಕಾಲುವೆಗೆ ಎಸೆದ ಆರೋಪ ಇತ್ತು. ಬೇಲ್ ಸಿಗದಿದ್ದದ್ದು ಅದಕ್ಕೆ.

ಕರಿಕೋಟು
"ಅದಕ್ಕೆ" ಅಲ್ಲ, "ಅದಕ್ಕೂ". ಪೊಲೀಸರು ತಡೆಯೋಕೆ ಹೋದದ್ದೇ ವೀಲಿಂಗ್ ಮಾಡ್ತಿದ್ದರು ಅಂತ.

ಕೆಎ 37
ನಿಮಗೆ ಕ್ಲಚ್ ಯಾವ ಕೈಗೆ ಬರುತ್ತದೆ ಅನ್ನೋದಾದರೂ ಗೊತ್ತಾ ಸಾರ್? ಬರೀ ಸೆಕ್ಷನ್ ನಂಬರ್ ಹೇಳ್ತೀರಿ.

ಎರಕದ ಬುಲೆಟ್
ಕ್ಲಚ್ಚಿನ ಮಾತು ಆಮೇಲೆ. ಬ್ರೇಕಿಗೆ ಯಾರೂ ಉತ್ತರ ಕೊಟ್ಟಿಲ್ಲ.

ಮೋಕಾ ರೋಡ್ ರೈಡರ್
ಕಾಕಾ, ನಮ್ಮಪ್ಪನ ಬುಲೆಟ್ ಮನೆಯಲ್ಲೇ ನಿಂತಿದೆ. ಈಗ ಹೋಗಿ ನೋಡಿ ಬಂದೆ. ಬ್ರೇಕ್ ಬಲಕ್ಕೇ ಇದೆ.

ಎರಕದ ಬುಲೆಟ್
ಯಾವ ವರ್ಷದ್ದು?

ಮೋಕಾ ರೋಡ್ ರೈಡರ್
2011.

ಎರಕದ ಬುಲೆಟ್
ಅದು ಹಳೇದಾ? ನಿನ್ನೆ ಮೊನ್ನೆಯದು! ನಾನು ಹೇಳ್ತಿರೋದು ಎರಕದ ಕಬ್ಬಿಣದ ಎಂಜಿನ್ನಿನ ಹಳೇ ಬುಲೆಟ್. ನಾಲ್ಕೇ ಗೇರು. ಬಲಗಾಲಲ್ಲಿ ಒಂದನೇದು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಪೆಡಲ್, ಹಿಮ್ಮಡಿಯಲ್ಲಿ ಒತ್ತಿದರೆ ನ್ಯೂಟ್ರಲ್. ನನ್ನ ಮಗ ಮೊದಲ ಸಲ ಓಡಿಸಿದ ದಿನ ಬ್ರೇಕ್ ಅಂತ ಬಲಗಾಲು ಒತ್ತಿದ. ಗೇರ್ ಬಿತ್ತು. ಗಾಡಿ ಸೀದಾ ಕಬ್ಬಿನ ಹಾಲಿನ ಅಂಗಡಿಗೆ.

ಒಗ್ಗರಣೆ ಮಿರ್ಚಿ
ಅಂಗಡಿಯವನಿಗೆ ಏನಾಯ್ತು ಕಾಕಾ?

ಎರಕದ ಬುಲೆಟ್
ಏನೂ ಆಗಲಿಲ್ಲ. ಒಂದು ಜಗ್ಗು, ನಾಲ್ಕು ಗ್ಲಾಸು ಒಡೆದವು. ದುಡ್ಡು ಕೊಟ್ಟೆ.

ಕೆಎ 37
ನೋಡಿ, "ಬ್ರೇಕ್ ಅಂತ ಬಲಗಾಲು ಒತ್ತಿದ" ಅಂತ ಕಾಕಾನೇ ಹೇಳಿದರು. ಅಂದರೆ ಬಲಕ್ಕೆ ಇರೋದೇ ಸರಿ ಅಂತ ಒಪ್ಪಿದ ಹಾಗಾಯಿತು.

ಎರಕದ ಬುಲೆಟ್
ಎಲ್ಲಿ ಒಪ್ಪಿದೆ? ತೋರಿಸು! "ಯಾವ ಗಾಡಿಯಲ್ಲಾದರೂ" ಅನ್ನಬೇಡಿ, ಅಷ್ಟೇ ನಾನು ಹೇಳಿದ್ದು. ಮೀಸೆ ಚಿಗುರದ ಹುಡುಗರೆಲ್ಲಾ ನನಗೆ ಗಾಡಿ ಕಲಿಸೋಕೆ ಬರ್ತೀರಿ.

ಮೋಕಾ ರೋಡ್ ರೈಡರ್
ಎಡಕ್ಕೋ ಬಲಕ್ಕೋ, ಒತ್ತಿದರೆ ಮುಂದಿನ ಗಾಲಿ ಇಳಿಯುತ್ತದೆ ತಾನೇ. ಬಿಡಿ ಕಾಕಾ.

ಸ್ಪ್ಯಾನರ್ 14
"ಇಳಿಯುತ್ತದೆ." ಇಳಿಯುತ್ತದೆ ಸರಿ, ಹೇಗೆ ಇಳಿಯುತ್ತದೆ? ಸಿಂಧನೂರಿನಲ್ಲಿ ನನ್ನ ಗ್ಯಾರೇಜಿಗೆ ಇಂಥ ಗಾಡಿ ಬರ್ತವೆ. ಫೋರ್ಕ್, ಅಂದರೆ ಮುಂದಿನ ಶಾಕ್ ಅಬ್ಸಾರ್ಬರ್, ಅದರ ಆಯಿಲ್ ಸೀಲ್ ಒಡೆದು ಎಣ್ಣೆ ಬ್ರೇಕ್ ಡಿಸ್ಕ್ ಮೇಲೆ ಇಳಿದಿರುತ್ತದೆ. ಹ್ಯಾಂಡಲ್ ತಿರುಗೋ ಬೇರಿಂಗ್, ಕೋನ್ ಸೆಟ್ಟಿಗೆ ಹಳ್ಳ ಬಿದ್ದಿರುತ್ತದೆ. ಗಾಡಿ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದರೆ ನೇರಕ್ಕೆ ಬಂದಾಗ ಟಕ್ ಅಂತ ಕೂರುತ್ತದೆ, ಆಗಲೇ ಗೊತ್ತಾಗುತ್ತದೆ ಓನರ್ ಏನು ಮಾಡ್ತಾನೆ ಅಂತ. ಜಾಸ್ತಿ ಹೊತ್ತು ಎತ್ತಿ ಹಿಡಿದರೆ ಎಂಜಿನ್ ಆಯಿಲ್ ಹಿಂದಕ್ಕೆ ಸರಿದು ಪಂಪು ಗಾಳಿ ಎಳೆಯುತ್ತದೆ. ಗಾಲಿ ಚೂರು ಸೊಟ್ಟಗೆ ಇಳಿದರೂ ಹ್ಯಾಂಡಲ್ ಆ ಕಡೆ ಈ ಕಡೆ ಹೊಡೆದುಕೊಳ್ಳಲು ಶುರು. 200 ಕೆಜಿ ಗಾಡಿಯಲ್ಲಿ ಅದನ್ನ ತೋಳಿನ ಬಲದಿಂದ ಹಿಡಿಯೋಕಾಗಲ್ಲ.

ಮೋಕಾ ರೋಡ್ ರೈಡರ್
"ಗ್ಯಾರೇಜಿಗೆ ಬರ್ತವೆ" ಅಂದರೆ ನಿಮಗೆ ಲಾಭವೇ ಅಲ್ವಾ ಅಣ್ಣಾ?

ಸ್ಪ್ಯಾನರ್ 14
ಹೌದಪ್ಪಾ, ಲಾಭ. ಹೋದ ವರ್ಷ ಒಂದು ಡ್ಯೂಕ್ 390 ಬಂತು. ರಿಪೇರಿ ಮುಗಿದು ನಾಲ್ಕು ತಿಂಗಳಾಯಿತು. ಹುಡುಗ ಇನ್ನೂ ಕೋಲು ಹಿಡಿದು ನಡೆಯುತ್ತಿದ್ದಾನೆ. ಅವರಮ್ಮ ಫೋನ್ ಮಾಡಿ, ಅದನ್ನ ಮನೆ ಹತ್ತಿರ ತರಬೇಡಿ ಅಂದರು. ಅಂಗಡಿ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ನಿಲ್ಲಿಸಿದ್ದೇನೆ.

ಕೆಎ 37
ಒಬ್ಬ ಹುಡುಗನ ಕಥೆ ಲೆಕ್ಕಕ್ಕೆ ಬರಲ್ಲ. ಕೇಂದ್ರ ಸಾರಿಗೆ ಸಚಿವಾಲಯದ 2022ರ ಅಪಘಾತ ವರದಿ ನೋಡಿ. ದೇಶದಲ್ಲಿ ಸತ್ತವರು 1,68,491. ಕಾರಣಗಳಲ್ಲಿ ಅತಿ ವೇಗ ಇದೆ, ಕುಡಿತ ಇದೆ, ರಾಂಗ್ ಸೈಡ್ ಇದೆ, ಮೊಬೈಲ್ ಇದೆ. ವೀಲಿಂಗ್ ಎಲ್ಲಿದೆ?

ಸೋನಾಮಸೂರಿ
ಅದೇ ವರದಿಯಲ್ಲಿ ಸತ್ತವರ ಪೈಕಿ ನೂರಕ್ಕೆ 44 ಜನ ಟೂ ವೀಲರ್‌ನವರು ಅಂತಲೂ ಇದೆ. ಆ ಪುಟ ಹರಿದುಹೋಗಿತ್ತಾ?

ಕೆಎ 37
ಟೂ ವೀಲರ್ ಅಂದರೆ ಸ್ಕೂಟಿಯೂ ಬಂತು ಅಕ್ಕಾ. ನೀವು ಸ್ಕೂಟಿ ಓಡಿಸೋದು ನಿಲ್ಲಿಸ್ತೀರಾ?

ಸೋನಾಮಸೂರಿ
ನಾನು ಎರಡೂ ಗಾಲಿ ನೆಲದ ಮೇಲಿಟ್ಟು ಓಡಿಸ್ತೀನಿ.

ಮೋಕಾ ರೋಡ್ ರೈಡರ್
ಎಲ್ಲರೂ ಸ್ಕೂಟಿನೇ ಓಡಿಸಿ ಹಾಗಾದರೆ. ಊರಲ್ಲಿ ಒಂದು ಟ್ರ್ಯಾಕ್ ಇದೆಯಾ? ಇದ್ದಿದ್ದರೆ ಅಲ್ಲೇ ಹೋಗ್ತಿದ್ದೆ. ಮೊದಲು ಸುಮ್ನೆ ಒಬ್ಬನೇ ಹೋಗ್ತಿದ್ದೆ. ಈಗ ವಿಡಿಯೋ ಮಾಡೋಕೆ ನಮ್ಮ ತಮ್ಮ ಬರ್ತಾನೆ. ಅವನಿಗೂ ಇಷ್ಟ, ಸ್ವಲ್ಪ ಸ್ವಲ್ಪ ಕಲಿಸ್ತಿದ್ದೇನೆ.

ಕರಿಕೋಟು
ಅವನಿಗೆ ವಯಸ್ಸೆಷ್ಟು?

ಮೋಕಾ ರೋಡ್ ರೈಡರ್
16. ಯಾಕೆ?

ಕರಿಕೋಟು
ಸೆಕ್ಷನ್ 199ಎ. ಅಪ್ರಾಪ್ತನ ಕೈಗೆ ಗಾಡಿ ಕೊಟ್ಟು ಅವನು ತಪ್ಪು ಮಾಡಿದರೆ ಓನರ್‌ಗೆ 3 ವರ್ಷದವರೆಗೆ ಜೈಲು, 25,000 ದಂಡ. ಗಾಡಿ ನೋಂದಣಿ ಒಂದು ವರ್ಷ ರದ್ದು. ಅವನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಒಗ್ಗರಣೆ ಮಿರ್ಚಿ
ಗಾಡಿ ಯಾರ ಹೆಸರಲ್ಲಿದೆ ಗೆಳೆಯಾ?

ಮೋಕಾ ರೋಡ್ ರೈಡರ್
ಅಪ್ಪನ ಹೆಸರಲ್ಲಿ.
ತಮ್ಮ ಓಡಿಸಿಲ್ಲ. ಫೋನ್ ಹಿಡಿದಿದ್ದ, ಅಷ್ಟೇ. "ಕಲಿಸ್ತಿದ್ದೇನೆ" ಅಂದರೆ ಬಾಯಲ್ಲಿ ಹೇಳಿಕೊಡ್ತಿದ್ದೇನೆ ಅಂತ. ವಿಡಿಯೋ ಡಿಲೀಟ್ ಮಾಡಿದ್ದೇನೆ. ಹೆದರಿ ಅಲ್ಲ. ನಂಬರ್ ಪ್ಲೇಟ್ ಕಾಣ್ತಿತ್ತು.

ಎರಕದ ಬುಲೆಟ್
ಈಗಷ್ಟೇ ತೆಗೆದ ಫೋಟೋ ಹಾಕಿದ್ದೇನೆ. ಎಡಗಾಲಿನ ಹತ್ತಿರ ನೋಡಿ. ಅದು ಬ್ರೇಕು.

ಕೆಎ 37
ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದರೆ ಎಡ ಬಲ ಉಲ್ಟಾ ಆಗುತ್ತದೆ ಕಾಕಾ.

ಎರಕದ ಬುಲೆಟ್
ಹಿಂದೆ ಗೋಡೆ ಮೇಲೆ ಕ್ಯಾಲೆಂಡರ್ ಇದೆ. ಅಕ್ಷರ ಉಲ್ಟಾ ಇವೆಯಾ, ಓದಿ ಹೇಳು.