ಮಧ್ಯಾಹ್ನವಾಗುತ್ತಲೇ ಸೆಟ್ಲಿಂಗ್ ಟ್ಯಾಂಕಿನಲ್ಲಿ ಕೆಸರು ತೇಲುತ್ತಿದೆ: ಕ್ಲೋರಿನ್ ಹಾಕಬೇಕೇ?

ಪ್ರಶ್ನೆ
ದಿನಕ್ಕೆ 100 ಘನ ಮೀಟರ್ ಕೊಳಚೆ ನೀರು ಬರುವ ಸಣ್ಣ ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿ. ಏರೇಶನ್ ಟ್ಯಾಂಕ್ (ಗಾಳಿ ಊದುವ ಟ್ಯಾಂಕ್) ಕೂಡ 100 ಘನ ಮೀಟರ್. ಬೆಳಿಗ್ಗೆ ಸೆಟ್ಲಿಂಗ್ ಟ್ಯಾಂಕಿನ (ಕೆಸರು ತಳಕ್ಕೆ ಕೂರುವ ಟ್ಯಾಂಕ್) ನೀರು ತಿಳಿಯಾಗಿರುತ್ತದೆ. ಮಧ್ಯಾಹ್ನ ಎರಡು ಗಂಟೆಯ ನಂತರ ಅಂಗೈಯಗಲದ ಕಂದು ಕೆಸರಿನ ಹೆಪ್ಪುಗಳು ಗುಳ್ಳೆಗಳ ಸಮೇತ ಮೇಲೆದ್ದು ವಿಯರ್ (ನೀರು ಹೊರಹರಿಯುವ ಅಂಚು) ದಾಟುತ್ತಿವೆ. ಎಂಎಲ್‌ಎಸ್‌ಎಸ್ (ಏರೇಶನ್ ಟ್ಯಾಂಕಿನ ನೀರಿನಲ್ಲಿರುವ ಕೆಸರಿನ ಪ್ರಮಾಣ) ಲೀಟರಿಗೆ 5200 ಮಿಲಿಗ್ರಾಂ, ಡಿಓ (ನೀರಿನಲ್ಲಿ ಕರಗಿದ ಆಮ್ಲಜನಕ) ಲೀಟರಿಗೆ 3.5 ಮಿಲಿಗ್ರಾಂ. ಒಂದು ಲೀಟರ್ ಜಾರಿನಲ್ಲಿ ಅರ್ಧ ಗಂಟೆಗೆ ಕೆಸರು 650 ಮಿಲಿಗೆ ನಿಲ್ಲುತ್ತದೆ. ಒಣಗಿಸುವ ಹಾಸುಗಳು ತುಂಬಿರುವುದರಿಂದ ಮೂರು ವಾರದಿಂದ ಕೆಸರು ಹೊರಹಾಕಿಲ್ಲ. 650 ಎಂದರೆ ಬಲ್ಕಿಂಗ್ (ಎಳೆಎಳೆಯಾದ ಬ್ಯಾಕ್ಟೀರಿಯಾ ಬೆಳೆದು ಕೆಸರು ಉಬ್ಬಿ ಕೂರದಿರುವುದು) ತಾನೇ? ಆ ಬ್ಯಾಕ್ಟೀರಿಯಾ ಕೊಲ್ಲಲು ಕ್ಲೋರಿನ್ ಹಾಕಬೇಕೇ?

ಉತ್ತರ 1
ಅಲ್ಲ, ದಯವಿಟ್ಟು ಕ್ಲೋರಿನ್ ಮುಟ್ಟಬೇಡಿ. 650 ಅನ್ನು 1000ದಿಂದ ಗುಣಿಸಿ 5200ರಿಂದ ಭಾಗಿಸಿ: ಎಸ್‌ವಿಐ (ಒಂದು ಗ್ರಾಂ ಕೆಸರು ಕೂತಾಗ ಹಿಡಿಯುವ ಜಾಗ, ಮಿಲಿಯಲ್ಲಿ) 125. ಬಲ್ಕಿಂಗ್ ಅನುಮಾನ ಬರುವುದು 150 ದಾಟಿದ ಮೇಲೆ. ನಿಮ್ಮ ಕೆಸರು ಚೆನ್ನಾಗಿಯೇ ಕೂರುತ್ತಿದೆ, ಆದರೆ ಅತಿಯಾಗಿದೆ.

ಗುಳ್ಳೆ ಸಾರಜನಕದ್ದು. ಏರೇಶನ್‌ನಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ. ಸೆಟ್ಲಿಂಗ್ ಟ್ಯಾಂಕಿನ ತಳದಲ್ಲಿ ಕೆಸರು ಹೆಚ್ಚು ಹೊತ್ತು ಕೂತರೆ ಅಲ್ಲಿ ಆಮ್ಲಜನಕ ಮುಗಿದು, ಬ್ಯಾಕ್ಟೀರಿಯಾಗಳು ನೈಟ್ರೇಟಿನ ಆಮ್ಲಜನಕ ಬಳಸಿ ಸಾರಜನಕವನ್ನು ಅನಿಲವಾಗಿ ಬಿಡುತ್ತವೆ. ಆ ಗುಳ್ಳೆಗಳೇ ಕೆಸರನ್ನು ಎತ್ತುವುದು. ಮಧ್ಯಾಹ್ನ ನೀರು ಬೆಚ್ಚಗಾಗಿ ಈ ಕೆಲಸ ಚುರುಕಾಗುತ್ತದೆ. ಖಚಿತಪಡಿಸಿಕೊಳ್ಳಲು ಅರ್ಧ ಗಂಟೆಯ ನಂತರ ಜಾರನ್ನು ಚೆಲ್ಲದೆ ಎರಡು ಗಂಟೆ ಹಾಗೇ ಬಿಡಿ. ಕೂತ ಕೆಸರು ಇಡಿಯಾಗಿ ಮೇಲೆದ್ದರೆ ಇದೇ ಕಾರಣ.

ಉತ್ತರ 2
ಮೊದಲು ರಿಟರ್ನ್ ಲೈನ್ (ಕೂತ ಕೆಸರನ್ನು ಏರೇಶನ್ ಟ್ಯಾಂಕಿಗೆ ಮರಳಿಸುವ ಪೈಪು) ನೋಡಿ. ಸಣ್ಣ ಘಟಕಗಳಲ್ಲಿ ಏರ್‌ಲಿಫ್ಟ್ ಪೈಪಿಗೆ (ಗಾಳಿಯ ಬಲದಿಂದ ಕೆಸರೆತ್ತುವ ಪೈಪು) ಕೂದಲು, ಬಟ್ಟೆಚೂರು ಸಿಕ್ಕಿಕೊಂಡು ಹರಿವು ಅರ್ಧಕ್ಕಿಳಿಯುವುದು ತೀರಾ ಸಾಮಾನ್ಯ. ಬಕೆಟ್ ಹಿಡಿದು ಗಡಿಯಾರ ನೋಡಿ ಅಳೆಯಿರಿ: ಒಳಬರುವ ನೀರಿನಷ್ಟೇ ರಿಟರ್ನ್ ಬೇಕೆಂದರೆ ನಿಮಿಷಕ್ಕೆ ಸುಮಾರು 70 ಲೀಟರ್. ಹಾಪರಿನ (ಸೆಟ್ಲಿಂಗ್ ಟ್ಯಾಂಕಿನ ತಳದ ಆಲಿಕೆಯಂಥ ಭಾಗ) ಇಳಿಜಾರು ಗೋಡೆಗೆ ಅಂಟಿದ ಕೆಸರನ್ನು ಉದ್ದ ಕೋಲಿನ ರಬ್ಬರ್ ಸ್ಕ್ವೀಜಿಯಿಂದ ದಿನವೂ ನಿಧಾನವಾಗಿ ಕೆಳಕ್ಕೆ ತಳ್ಳಿ. ಅಲ್ಲಿ ಕೂತದ್ದು ರಿಟರ್ನ್ ಎಷ್ಟು ಹೆಚ್ಚಿಸಿದರೂ ಬರುವುದಿಲ್ಲ.

ಉತ್ತರ 3
ಕೆಸರು ಹೊರಹಾಕುವ ಲೆಕ್ಕ: ಏರೇಶನ್ ಟ್ಯಾಂಕಿನಲ್ಲಿ ಈಗ 520 ಕೆಜಿ ಕೆಸರು ಇದೆ. 5200ರಿಂದ 3500ಕ್ಕೆ ಇಳಿಸಿದರೆ 350 ಉಳಿಯುತ್ತದೆ, 170 ಕೆಜಿ ಹೋಗಬೇಕು. ರಿಟರ್ನ್ ಕೆಸರು ಲೀಟರಿಗೆ 9 ಗ್ರಾಂ ಇದ್ದರೆ ಅದು ಸುಮಾರು 19 ಘನ ಮೀಟರ್. ಹತ್ತು ದಿನಕ್ಕೆ ಹಂಚಿ, ದಿನಾ ಹುಟ್ಟುವ ಹೊಸ ಕೆಸರನ್ನೂ ಸೇರಿಸಿದರೆ ದಿನಕ್ಕೆ ಸುಮಾರು 3 ಘನ ಮೀಟರ್. ಒಂದೇ ದಿನ ಎಲ್ಲ ತೆಗೆದರೆ ಬ್ಯಾಕ್ಟೀರಿಯಾ ಸಾಲದೆ ಬಿಳಿ ನೊರೆ ಏಳುತ್ತದೆ. ರಿಟರ್ನ್ ಹೆಚ್ಚಿಸಿದಾಗ ಕೆಸರು ತೆಳುವಾಗುವುದರಿಂದ ಮತ್ತೆ ಅಳೆದು ಲೆಕ್ಕ ಹಾಕಿ. ಹಾಸು ಖಾಲಿಯಾಗುವವರೆಗೆ ಟ್ಯಾಂಕರಿನಲ್ಲಿ ಕೆಸರು ಸಂಸ್ಕರಣೆಗೆ ಕಳಿಸುವುದೇ ದಾರಿ.

ಪ್ರಶ್ನೆ ಕೇಳಿದವರು
ಜಾರ್ ಪರೀಕ್ಷೆ ಮಾಡಿದೆ, ಒಂದೂವರೆ ಗಂಟೆಗೆ ಮೇಲೆದ್ದಿತು. ಡಿಓ 3.5 ಇರುವುದರಿಂದ ಬ್ಲೋವರ್ (ಗಾಳಿ ಊದುವ ಯಂತ್ರ) ಸ್ವಲ್ಪ ಹೊತ್ತು ನಿಲ್ಲಿಸಬಹುದೇ?

ಉತ್ತರ 1
ನಿಲ್ಲಿಸಬಹುದು. ಹರಿವು ಕಡಿಮೆ ಇರುವ ಹೊತ್ತಿನಲ್ಲಿ ಅರ್ಧ ಗಂಟೆಯಂತೆ ಟೈಮರ್ ಇಟ್ಟರೆ ನೈಟ್ರೇಟ್ ಏರೇಶನ್ ಟ್ಯಾಂಕಿನಲ್ಲೇ ಸಾರಜನಕ ಅನಿಲವಾಗಿ ಕಡಿಮೆಯಾಗುತ್ತದೆ, ನೈಟ್ರಿಫಿಕೇಶನ್ ತಿಂದ ಕ್ಷಾರತೆಯಲ್ಲಿ ಅರ್ಧದಷ್ಟು ಮರಳುತ್ತದೆ. ಒಂದು ಎಚ್ಚರ: ಏರ್‌ಲಿಫ್ಟಿಗೂ ಅದೇ ಬ್ಲೋವರ್ ಗಾಳಿ ಕೊಡುತ್ತಿದ್ದರೆ ರಿಟರ್ನ್ ಕೂಡ ನಿಂತು ತೊಂದರೆ ಹೆಚ್ಚುತ್ತದೆ. ಹಾಗಿದ್ದರೆ ಬ್ಲೋವರ್ ನಿಲ್ಲಿಸದೆ ಡಿಫ್ಯೂಸರ್ (ಏರೇಶನ್ ಟ್ಯಾಂಕಿನ ನೀರಿಗೆ ಗಾಳಿ ಬಿಡುವ) ಲೈನಿಗೆ ಮೋಟರೈಸ್ಡ್ ವಾಲ್ವ್ ಹಾಕಿ, ಹೆಚ್ಚುವರಿ ಗಾಳಿಗೆ ಬೈಪಾಸ್ ಕೊಡಿ. ಚಾಲೂ ಇರುವಾಗ ಡಿಓ 2ರ ಆಸುಪಾಸಿನಲ್ಲಿರಲಿ. ಸದಾ 1ಕ್ಕಿಂತ ಕೆಳಗಿದ್ದರೆ ಎಳೆಎಳೆಯಾದ ಬ್ಯಾಕ್ಟೀರಿಯಾ ಬೆಳೆದು ಆಗ ನಿಜವಾದ ಬಲ್ಕಿಂಗ್ ಬರುತ್ತದೆ.